ಬೆಲೆ ಬಿತ್ತೋ, ಬೆಳೆ ಬಿತ್ತೋ?

ಏಳನೇ ಸೆಮ್ ಶುರುವಾಗಿದೆ. ಕ್ಯಾಂಟೀನಿನಲ್ಲಿ ಯಾವ ಟೇಬಲ್ಲಿಗೆ ಹೋದರೂ ಒಂದೇ ಮಾತು, ಟೈಟಲ್ ಫಿಕ್ಸ್ ಆಯ್ತಾ? ನಮ್ಮದು ಆಗಿಲ್ಲ. ಆಗಿತ್ತು, ವಾಪಸ್ ಬಂತು. ನಾವು ಕೊಟ್ಟಿದ್ದ ಟೈಟಲ್ ಸಣ್ಣದು: ಡಿಜಿಟಲ್ ದನಿ ರೇಡಿಯೋದ ಮೋಡೆಮ್ ಕೋಡನ್ನು ಒಂದು ಮೈಕ್ರೋಕಂಟ್ರೋಲರ್ ಬೋರ್ಡಿನ ಮೇಲೆ ಪರೀಕ್ಷಿಸುವುದು. ಪ್ಯಾನೆಲ್‌ನಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಕೋಡ್ ಬರೆದವರು ಯಾರೋ, ನೀವೇನು ಮಾಡ್ತೀರಿ? ಬರೀ ಟೆಸ್ಟಿಂಗ್ ಅನ್ನೋದು ಒಂದು ಪ್ರಾಜೆಕ್ಟಾ?

ಆಗ ನಮ್ಮ ಬಾಯಿಗೆ ಉತ್ತರ ಬರಲಿಲ್ಲ. ಬಂದದ್ದು ಮೆಟ್ಟಿಲು ಇಳಿಯುವಾಗ. ಪ್ಯಾನೆಲ್ ಮತ್ತೆ ಕರೆಯುವ ತನಕ ಕಾಯುವ ತಾಳ್ಮೆ ಇಲ್ಲದ ಕಾರಣ ಅದನ್ನು ಇಲ್ಲೇ ಬರೆಯುತ್ತಿದ್ದೇವೆ. ಹೌದು, ಟೆಸ್ಟಿಂಗ್ ಪ್ರಾಜೆಕ್ಟೇ. ನಮ್ಮ ಕಾಲೇಜಿನಲ್ಲಿ ವರ್ಷ ವರ್ಷ ಬೈಂಡಿಂಗ್ ಆಗಿ ಲೈಬ್ರರಿ ಸೇರುವ ರಿಪೋರ್ಟ್‌ಗಳಲ್ಲಿ ಬಹಳಷ್ಟಕ್ಕಿಂತ ಹೆಚ್ಚಿನ ಕೆಲಸ ಅದರಲ್ಲಿದೆ ಅನ್ನುವುದು ನಮ್ಮ ವಾದ.

ನಾವು ನಾಲ್ಕು ಜನ. ಒಬ್ಬನ ಊರು ಚಳ್ಳಕೆರೆ, ಒಬ್ಬಳದು ಮೊಳಕಾಲ್ಮೂರು, ಉಳಿದಿಬ್ಬರು ಬೆಂಗಳೂರಿನವರು. ಊರುಗಳ ಹೆಸರು ಹೇಳಿದ್ದಕ್ಕೆ ಕಾರಣ ಇದೆ, ಮುಂದೆ ಬರುತ್ತದೆ. ಮೊದಲು ವಿಷಯ. ಮೆಕ್ಯಾನಿಕಲ್, ಸಿವಿಲ್ ಗೆಳೆಯರು ಇಲ್ಲಿಗೇ ಪುಟ ಮುಚ್ಚಬೇಡಿ, ಫಾರ್ಮುಲಾ ಒಂದೂ ಇಲ್ಲ.

ಹಳೆಯ ಟೆಲಿಫೋನಿನ ಡಿಜಿಟಲ್ ಲೈನಿನಲ್ಲಿ ಒಬ್ಬರ ದನಿ ಸಾಗಿಸಲು ಸೆಕೆಂಡಿಗೆ 64,000 ಬಿಟ್ ಬೇಕು. ಸೆಕೆಂಡಿಗೆ 8000 ಸಲ ದನಿಯನ್ನು ಅಳೆದು, ಪ್ರತಿ ಅಳತೆಗೂ 8 ಬಿಟ್ ಕೊಡುತ್ತಾರೆ. ಆಸ್ಟ್ರೇಲಿಯಾದ ಡೇವಿಡ್ ರೋವ್ ಎಂಬ ಎಂಜಿನಿಯರ್, ಹವ್ಯಾಸಿ ರೇಡಿಯೋದವರೂ ಹೌದು, ಕೋಡೆಕ್2 ಎಂಬ ಮುಕ್ತ ತಂತ್ರಾಂಶ ಬರೆದರು. ಅದರ ಒಂದು ಬಗೆ ಅದೇ ದನಿಯನ್ನು ಸೆಕೆಂಡಿಗೆ 700 ಬಿಟ್‌ಗೆ ಇಳಿಸುತ್ತದೆ. ತೊಂಬತ್ತು ಪಟ್ಟು ಕಡಿಮೆ. ದನಿಯ ಅಲೆಯನ್ನು ಕಳಿಸದೆ, 40 ಮಿಲಿಸೆಕೆಂಡಿಗೊಮ್ಮೆ ದನಿಯ ವರ್ಣನೆಯನ್ನಷ್ಟೇ 28 ಬಿಟ್‌ಗಳಲ್ಲಿ ಕಳಿಸುವುದು ಅದರ ಉಪಾಯ. ಸ್ಪೆಕ್ಟ್ರಮ್ಮಿನ ಆಕಾರಕ್ಕೆ 18 ಬಿಟ್, ಗಟ್ಟಿ ಎಷ್ಟು ಅನ್ನುವುದಕ್ಕೆ 4, ಸ್ವರದ ಎತ್ತರಕ್ಕೆ 6. ಆ ಕಡೆ ಇರುವವರು ವರ್ಣನೆ ನೋಡಿ ದನಿಯನ್ನು ಹೊಸದಾಗಿ ಕಟ್ಟುತ್ತಾರೆ. ಪೊಲೀಸರು ಬಾಯಿಮಾತಿನ ಗುರುತು ಕೇಳಿಕೊಂಡು ಕಳ್ಳನ ಚಿತ್ರ ಬಿಡಿಸುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ.

ಈ ಬಿಟ್‌ಗಳನ್ನು ರೇಡಿಯೋದಲ್ಲಿ ಸಾಗಿಸಬಹುದಾದ ಸದ್ದಾಗಿ ಮಾಡುವುದು, ಆ ಕಡೆ ಸದ್ದಿನಿಂದ ಬಿಟ್‌ಗಳನ್ನು ಹೆಕ್ಕುವುದು ಮೋಡೆಮ್‌ನ ಕೆಲಸ. 2018ರಲ್ಲಿ ಬಂದ ಫ್ರೀಡಿವಿ 700ಡಿ ಎಂಬ ಬಗೆಯಲ್ಲಿ ಇದು ನಡೆಯುವ ರೀತಿ ಹೀಗೆ. ನಾಲ್ಕು ತುಂಡು ದನಿ ಸೇರಿ 112 ಬಿಟ್. ದಾರಿಯಲ್ಲಿ ಒಂದಷ್ಟು ಹಾಳಾದರೂ ತಿದ್ದಿಕೊಳ್ಳಲು ಇನ್ನೂ 112 ಬಿಟ್, ಇದಕ್ಕೆ ಎಲ್‌ಡಿಪಿಸಿ ಕೋಡ್ ಅನ್ನುತ್ತಾರೆ. ಅದರ ಮೇಲೆ ಫ್ರೇಮ್ ಎಲ್ಲಿಂದ ಶುರು ಅಂತ ಗುರುತಿಸಲು 10, ಚಿಕ್ಕ ಪಠ್ಯಕ್ಕೆ 4. ಒಟ್ಟು 238. ಇವು 17 ಸಣ್ಣ ಕ್ಯಾರಿಯರ್‌ಗಳ ಮೇಲೆ 160 ಮಿಲಿಸೆಕೆಂಡಿನಲ್ಲಿ ಹೋಗುತ್ತವೆ, ಸುಮಾರು 1000 ಹರ್ಟ್ಜ್ ಜಾಗದಲ್ಲಿ. ಮಾಮೂಲಿ ಹ್ಯಾಮ್ ದನಿಗೆ ಇದರ ಎರಡು ಪಟ್ಟಿಗಿಂತ ಹೆಚ್ಚು ಜಾಗ ಬೇಕು. ಸಿಗ್ನಲ್ಲಿಗಿಂತ ಗದ್ದಲವೇ ಸ್ವಲ್ಪ ಜಾಸ್ತಿ ಇದ್ದರೂ, ಲೆಕ್ಕದಲ್ಲಿ ಮೈನಸ್ 2 ಡಿಬಿ, ಮಾತು ದಾಟುತ್ತದೆ.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಅಂತ ಪ್ಯಾನೆಲ್ ಕೇಳಲಿಲ್ಲ, ಹಾಸ್ಟೆಲ್ ಕೇಳಿತು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ಮುಂದಾಳತ್ವದ ಹ್ಯಾಮ್ ತಂಡವೊಂದು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿತ್ತು. ಹೋಗಿದ್ದು ಹವ್ಯಾಸಕ್ಕೆ, ದೂರದೂರದ ಹ್ಯಾಮ್‌ಗಳ ಜೊತೆ ಮಾತಾಡಲು. 26ರ ಬೆಳಿಗ್ಗೆ ಸುನಾಮಿ ಬಂತು. ಫೋನುಗಳು ಸತ್ತವು, ಅವರ ರೇಡಿಯೋ ಬದುಕಿತ್ತು, ದ್ವೀಪದ ಸುದ್ದಿ ಅದರ ಮೂಲಕ ಹೊರಗೆ ಬಂತು. ಅಂಥ ಹೊತ್ತಿಗೆ ಬೇಕಾದ್ದು ಲ್ಯಾಪ್‌ಟಾಪ್ ಅಲ್ಲ, ಬ್ಯಾಟರಿಯಲ್ಲಿ ಓಡುವ ಅಂಗೈಯಗಲದ ಪೆಟ್ಟಿಗೆ. ರೋವ್ ಮತ್ತು ಗೆಳೆಯರು 2014ರಲ್ಲಿ ಎಸ್‌ಎಂ1000 ಅನ್ನುವ ಅಂಥದ್ದೊಂದು ಪೆಟ್ಟಿಗೆ ತಂದರು. ಒಳಗಿರುವುದು ಎಸ್‌ಟಿಎಂ32 ಎಫ್405, ನಮ್ಮ ಲ್ಯಾಬ್‌ನಲ್ಲಿ ಧೂಳು ತಿನ್ನುತ್ತಿರುವ ಎಫ್407 ಡಿಸ್ಕವರಿ ಬೋರ್ಡಿನ ಚಿಪ್‌ಗೆ ಒಡಹುಟ್ಟಿದ್ದು. 168 ಮೆಗಾಹರ್ಟ್ಜ್ ವೇಗ, 192 ಕೆಬಿ ರ್‍ಯಾಮ್. ನಿಮ್ಮ ಫೋನಿನ ಒಂದು ಫೋಟೋ ಇದರಲ್ಲಿ ಹಿಡಿಸುವುದಿಲ್ಲ.

ಇನ್ನು ಲೆಕ್ಕ ಹಾಕಿ. 160 ಮಿಲಿಸೆಕೆಂಡಿನಲ್ಲಿ ಈ ಚಿಪ್ ಬಡಿಯುವುದು 2 ಕೋಟಿ 68 ಲಕ್ಷ 80 ಸಾವಿರ ಗಡಿಯಾರದ ಬಡಿತ. ಅಷ್ಟರೊಳಗೆ ಸದ್ದು ಕೇಳಿ, ಕ್ಯಾರಿಯರ್ ಬಿಡಿಸಿ, ತಪ್ಪು ತಿದ್ದಿ, ದನಿ ಕಟ್ಟಿ ಮುಗಿಸಬೇಕು. ಮುಗಿಯದಿದ್ದರೆ ಮುಂದಿನ ಫ್ರೇಮ್ ಬಾಗಿಲು ತಟ್ಟುತ್ತಿರುತ್ತದೆ. ಆದ್ದರಿಂದ ಕೋಡನ್ನು ಕೊರೆದು ಚುರುಕು ಮಾಡುತ್ತಾರೆ, ಅದೇ ಆಪ್ಟಿಮೈಸೇಶನ್. ಪ್ಯಾನೆಲ್‌ಗೆ ಕಾಣದೆ ಹೋದದ್ದು ಇಲ್ಲೇ ಇದೆ. ಕೋಡ್ ಚುರುಕಾಯಿತೋ ಇಲ್ಲವೋ ಅಂತ ಸ್ಟಾಪ್‌ವಾಚ್ ಹೇಳುತ್ತದೆ. ಚುರುಕಾದ ಕೋಡ್ ಮೊದಲಿನ ಕೆಲಸವನ್ನೇ ಮಾಡುತ್ತಿದೆಯಾ ಅಂತ ಹೇಳೋರು ಯಾರು?

ನಾವು ಮಾಡಿದ ತಪ್ಪುಗಳನ್ನೇ ಹೇಳುತ್ತೇವೆ, ಅದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಹತ್ತಿರ ಇಲ್ಲ.

ಕೈ ಪಳಗಲಿ ಅಂತ ಮೊದಲು ಹಿಡಿದದ್ದು ಹಳೆಯ ಫ್ರೀಡಿವಿ 1600ರ ಮೋಡೆಮ್. ಅದರಲ್ಲಿ ಕ್ಯಾರಿಯರ್‌ಗಳನ್ನು ಹುಟ್ಟಿಸಲು ಪ್ರತಿ ಸಲ ಸೈನ್, ಕೊಸೈನ್ ಲೆಕ್ಕ ಹಾಕುವುದಿಲ್ಲ. ಒಂದು ಸಂಕೀರ್ಣ ಸಂಖ್ಯೆಯನ್ನು ಇನ್ನೊಂದರಿಂದ ಗುಣಿಸುತ್ತಾ ತಿರುಗಿಸುತ್ತಾ ಹೋಗುತ್ತಾರೆ. ಅಗ್ಗ, ಚುರುಕು. ಜೊತೆಗೆ ಆಗಾಗ ಆ ಸಂಖ್ಯೆಯ ಉದ್ದವನ್ನು ಮತ್ತೆ ಒಂದಕ್ಕೆ ತರುವ ಒಂದು ಸಾಲು ಇದೆ, ಅದರಲ್ಲಿ ವರ್ಗಮೂಲ, ಭಾಗಾಕಾರ. ನಾವು ಕಾಗದದಲ್ಲಿ ನೋಡಿದೆವು: ಉದ್ದ ಒಂದು ಇರುವ ಸಂಖ್ಯೆಯನ್ನು ಉದ್ದ ಒಂದು ಇರುವ ಇನ್ನೊಂದರಿಂದ ಗುಣಿಸಿದರೆ ಉದ್ದ ಒಂದೇ ಅಲ್ಲವಾ? ದಂಡದ ಕೆಲಸ ಅಂತ ಆ ಸಾಲು ತೆಗೆದೆವು. ಸೈಕಲ್ ಕಡಿಮೆಯಾಯಿತು. ಹತ್ತು ಸೆಕೆಂಡಿನ ದನಿ ಕಡತ ಹಾಕಿ ನೋಡಿದರೆ ಔಟ್‌ಪುಟ್ ಸರಿ. ಗ್ರೂಪ್‌ನಲ್ಲಿ ಸ್ಕ್ರೀನ್‌ಶಾಟ್ ಹಾಕಿ ಮಸಾಲೆ ದೋಸೆ ತಿಂದು ಬಂದೆವು.

ಆದರೆ ಮೆಷಿನ್ನಿನಲ್ಲಿ ಉದ್ದ ಸರಿಯಾಗಿ ಒಂದು ಇರುವುದಿಲ್ಲ. 32 ಬಿಟ್‌ನ ದಶಮಾಂಶದಲ್ಲಿ ಏಳೆಂಟನೇ ಸ್ಥಾನದಲ್ಲಿ ಒಂದು ಚೂರು ಹೆಚ್ಚೋ ಕಡಿಮೆಯೋ ಇರುತ್ತದೆ. ಸೆಕೆಂಡಿಗೆ 8000 ಗುಣಾಕಾರ, ಗಂಟೆಗೆ 2 ಕೋಟಿ 88 ಲಕ್ಷ. ಆ ಚೂರು ಅಷ್ಟು ಸಲ ತನ್ನನ್ನೇ ಗುಣಿಸಿಕೊಂಡರೆ ಏನಾಗುತ್ತೆ ಅಂತ ಚಕ್ರಬಡ್ಡಿ ಕಟ್ಟಿದ ಯಾವ ರೈತನಾದರೂ ಹೇಳುತ್ತಾನೆ. ಬೋರ್ಡನ್ನು ರಾತ್ರಿ ಹಾಗೇ ಓಡಲು ಬಿಟ್ಟು ಬೆಳಿಗ್ಗೆ ನೋಡಿದರೆ ಕ್ಯಾರಿಯರ್‌ಗಳು ಒಂದೊಂದು ಒಂದೊಂದು ಎತ್ತರದಲ್ಲಿ ನಿಂತಿದ್ದವು. ಮಾನ ಹೋಗುವ ವಿಷಯ ಏನಂದರೆ, ಆಂದೋಲಕದ ಉದ್ದ ಕಾಲ ಕಳೆದಂತೆ ಜಾರಬಹುದು, ಅದಕ್ಕೇ ಈ ಸಾಲು ಅಂತ ಮೂಲ ಕೋಡ್‌ನಲ್ಲಿ ಕಾಮೆಂಟೇ ಇದೆ. ನಾವು ಕಾಮೆಂಟ್ ಓದಿರಲಿಲ್ಲ.

ಹತ್ತು ಸೆಕೆಂಡಿನ ಟೆಸ್ಟ್ ಪಾಸು, ಒಂದು ರಾತ್ರಿಯ ಟೆಸ್ಟ್ ಫೇಲು. ಹಾಗಾದರೆ ಎಷ್ಟು ಹೊತ್ತಿನ ಟೆಸ್ಟ್ ಸಾಕು? ಇದು ಎಂಜಿನಿಯರಿಂಗ್ ಪ್ರಶ್ನೆ ಅಲ್ಲದಿದ್ದರೆ ಯಾವುದು ಎಂಜಿನಿಯರಿಂಗ್ ಪ್ರಶ್ನೆ ಅಂತ ನಾವು ಪ್ಯಾನೆಲ್ಲನ್ನು ವಿನಯದಿಂದಲೇ ಕೇಳುತ್ತೇವೆ.

ಎರಡನೆಯದು ಗದ್ದಲದ ಕತೆ. 700ಡಿಯನ್ನು ಬೋರ್ಡಿಗೆ ಹಾಕಿ, ಶುದ್ಧ ಸಿಗ್ನಲ್ ಕೊಟ್ಟು, ಎಷ್ಟು ಸೈಕಲ್ ಅಂತ ಚಿಪ್ಪಿನ ಒಳಗಿನ ಎಣಿಕೆಗಾರನಿಂದ ಅಳೆದೆವು. ಆರಾಮಾಗಿತ್ತು. ಗದ್ದಲ ಬೆರೆಸಿದೆವು, ದನಿ ಕತ್ತರಿಸಿ ಕತ್ತರಿಸಿ ಬಂತು. ಗದ್ದಲ ಹೆಚ್ಚು, ತಪ್ಪು ಹೆಚ್ಚು, ಸಹಜ ಅಂತ ಅಂದುಕೊಂಡೆವು. ಅದಲ್ಲ. ಎಲ್‌ಡಿಪಿಸಿ ಬಿಡಿಸುವ ಕೋಡ್ ಸುತ್ತು ಸುತ್ತಾಗಿ ಕೆಲಸ ಮಾಡುತ್ತದೆ. ಎಲ್ಲ ಲೆಕ್ಕ ತಾಳೆಯಾದ ಕೂಡಲೇ ನಿಲ್ಲಿಸುತ್ತದೆ. ಶುದ್ಧ ಸಿಗ್ನಲ್ಲಿಗೆ ಬೇಗ ನಿಲ್ಲುತ್ತದೆ. ಗದ್ದಲದಲ್ಲಿ ತಾಳೆಯಾಗುವುದಿಲ್ಲ, ಕೊನೆಯ ಸುತ್ತಿನವರೆಗೂ ಒದ್ದಾಡುತ್ತದೆ. ಹೊತ್ತು ಮೀರುತ್ತದೆ. ಸಿಗ್ನಲ್ಲೇ ಇಲ್ಲದಾಗ ಇನ್ನೊಂದು ಕಷ್ಟ, ಫ್ರೇಮ್ ಎಲ್ಲಿದೆ ಅಂತ ಹುಡುಕುವ ಕೆಲಸವೇ ಭಾರವಾದದ್ದು. ಅಂದರೆ ಈ ಪೆಟ್ಟಿಗೆ ಬಹಳ ದಣಿಯುವುದು ಏನೂ ಕೇಳಿಸದೆ ಇದ್ದಾಗ ಮತ್ತು ಅರ್ಧಂಬರ್ಧ ಕೇಳಿಸುವಾಗ. ಶುದ್ಧ ಸಿಗ್ನಲ್ ಕೊಟ್ಟು ಅಳೆದ ನಮ್ಮ ಮೊದಲ ಟೇಬಲ್ಲಿಗೆ ಕವಡೆ ಕಿಮ್ಮತ್ತಿಲ್ಲ.

ಸಣ್ಣಪುಟ್ಟವು ಬೇರೆ ಇವೆ. ದಶಮಾಂಶದ ಮುಂದೆ ಎಫ್ ಅಕ್ಷರ ಹಾಕದಿದ್ದರೆ ಕಂಪೈಲರ್ ಅದನ್ನು ಡಬಲ್ ಅಂದುಕೊಳ್ಳುತ್ತದೆ. ಈ ಚಿಪ್ಪಿನ ಹಾರ್ಡ್‌ವೇರಿಗೆ ಡಬಲ್ ಬರುವುದಿಲ್ಲ, ಸಾಫ್ಟ್‌ವೇರಿನಲ್ಲಿ ಕುಂಟುತ್ತಾ ಮಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಇನ್ನೊಂದು, 192 ಕೆಬಿ ರ್‍ಯಾಮಿನಲ್ಲಿ 64 ಕೆಬಿ ಪ್ರೊಸೆಸರಿಗೇ ಮೀಸಲು, ಡಿಎಂಎಗೆ ಅಲ್ಲಿಗೆ ದಾರಿ ಇಲ್ಲ. ಮೈಕಿನ ಬಫರನ್ನು ಅಲ್ಲಿಟ್ಟು ಎರಡು ದಿನ ಮೈಕ್ ಕೆಟ್ಟಿದೆ ಅಂತ ಅಂಗಡಿಯವನನ್ನು ಬೈದೆವು. ಅಣ್ಣಾ, ತಪ್ಪಾಯ್ತು.

ಇದಕ್ಕೆಲ್ಲ ಮದ್ದನ್ನು ಕೋಡೆಕ್2 ಕಟ್ಟಿದವರೇ ಮಾಡಿಟ್ಟಿದ್ದಾರೆ. ಕೋಡ್‌ನ ಎಸ್‌ಟಿಎಂ32 ಫೋಲ್ಡರಿನ ಒಳಗೆ ಯೂನಿಟ್‌ಟೆಸ್ಟ್ ಅಂತ ಒಂದು ಫೋಲ್ಡರಿದೆ. ಒಂದೇ ಇನ್‌ಪುಟ್ ಕಡತವನ್ನು ಪಿಸಿಗೂ ಬೋರ್ಡಿಗೂ ಕೊಡುವುದು, ಎರಡರ ಔಟ್‌ಪುಟ್ ಪಕ್ಕಪಕ್ಕ ಇಟ್ಟು ನೋಡುವುದು. ನಿಧಾನದ ಕೋಡ್ ಗುರು, ಚುರುಕಿನದು ಶಿಷ್ಯ. ಕೇಳಲು ಸುಲಭ, ಮಾಡಲು ಕೂತರೆ ತಲೆನೋವು. ಯಾಕೆಂದರೆ ಇಂಟೆಲ್ ಮತ್ತು ಆರ್ಮ್ ಒಂದೇ ಲೆಕ್ಕವನ್ನು ಕೊನೆಯ ಬಿಟ್‌ವರೆಗೂ ಒಂದೇ ಥರ ಮಾಡಬೇಕೆಂದಿಲ್ಲ. ಕೂಡುವ ಕ್ರಮ ಬದಲಾದರೂ ಕೊನೆಯ ಅಂಕಿ ಬದಲಾಗುತ್ತದೆ. ಹಾಗಾಗಿ ಎಷ್ಟು ವ್ಯತ್ಯಾಸ ಒಪ್ಪಬಹುದು ಅಂತ ನಾವೇ ನಿರ್ಧರಿಸಬೇಕು. ತೀರಾ ಬಿಗಿ ಮಾಡಿದರೆ ಸರಿಯಾದ ಕೋಡೂ ಫೇಲು, ಸಡಿಲ ಬಿಟ್ಟರೆ ನಮ್ಮ ಹಾಗೆ ಸಾಲು ಕಿತ್ತವರೂ ಪಾಸು. ಒಳಗಿನ ಅಂಕಿಗಳಿಗೆ ಒಂದು ಅಳತೆ, ಕೊನೆಗೆ ಎಷ್ಟು ಬಿಟ್ ತಪ್ಪಾಯಿತು ಅನ್ನುವುದಕ್ಕೆ ಇನ್ನೊಂದು ಅಳತೆ ಇಟ್ಟುಕೊಳ್ಳಬೇಕಾಗುತ್ತದೆ. ಇದನ್ನೆಲ್ಲ ಯೋಚಿಸಿದವರಿಗೆ ಮಾರ್ಕ್ಸ್ ಇಲ್ಲ, ಸ್ಟ್ರೀಮ್‌ಲಿಟ್ ಪುಟಕ್ಕೆ ಬಣ್ಣ ಹಚ್ಚಿದವರಿಗೆ ಇದೆ.

ಇಲ್ಲಿಗೆ ಚಳ್ಳಕೆರೆ ಬರುತ್ತದೆ. ನಮ್ಮ ಗೆಳೆಯನ ತಾಲ್ಲೂಕಿಗೆ ಎಣ್ಣೆ ಮಿಲ್ಲುಗಳ ಹೆಸರಿತ್ತು, ಈಗ ಟೆಸ್ಟಿಂಗ್‌ನ ಹೆಸರೂ ಇದೆ. ಕುದಾಪುರದ ಕಡೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇದೆ. ಇಸ್ರೋದ ರೆಕ್ಕೆಯ ವಾಹನ ಪುಷ್ಪಕ್ ನೆಲಕ್ಕಿಳಿಯುವುದನ್ನು ಕಲಿತದ್ದು ಅಲ್ಲೇ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ತಾನಾಗಿಯೇ ರನ್‌ವೇಗೆ ಇಳಿಯಿತು. ಅಲ್ಲಿಗೆ ಸಾಕು ಅನ್ನಬಹುದಿತ್ತು, ಪೇಪರಿನಲ್ಲಿ ಫೋಟೋ ಬಂದಿತ್ತು. ಅನ್ನಲಿಲ್ಲ. 2024ರ ಮಾರ್ಚ್ 22ರಂದು ಬೇಕಂತಲೇ ರನ್‌ವೇಯ ಗೆರೆಯಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು, ಸರಿಪಡಿಸಿಕೊಂಡು ಬರಲಿ ಅಂತ. ಬಂತು. ಜೂನ್ 23ಕ್ಕೆ 500 ಮೀಟರ್ ಪಕ್ಕಕ್ಕೆ, ಅದೂ ಜೋರು ಗಾಳಿಯಲ್ಲಿ. ಆಗಲೂ ಬಂತು. ಮೊದಲ ಸಲವೇ ಇಳಿದ ವಾಹನವನ್ನು ಇನ್ನೆರಡು ಸಲ ಯಾಕೆ ಬೀಳಿಸಿದಿರಿ, ಇದರಲ್ಲಿ ಹೊಸತೇನು ಅಂತ ಅವರನ್ನು ಯಾವ ಪ್ಯಾನೆಲ್ಲೂ ಕೇಳಿದ ಹಾಗೆ ಕಾಣುವುದಿಲ್ಲ. (ಆ ಬೇಲಿ ಎದ್ದದ್ದು ಅಮೃತ್ ಮಹಲ್ ಕಾವಲಿನ ಹುಲ್ಲುಗಾವಲಿನ ಮೇಲೆ. ದನ, ಕುರಿ ಮೇಯಿಸುತ್ತಿದ್ದವರಿಗೆ ಅದರ ಬಗ್ಗೆ ಬೇರೆಯೇ ಮಾತಿದೆ. ಅದು ನಿಜವಾದ ಮಾತು, ಅದಕ್ಕೆ ಬೇರೆ ಲೇಖನ ಬೇಕು.)

ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ 128 ಪೋರ್ಟಿನ ಟೆಲಿಫೋನ್ ವಿನಿಮಯ ಕೇಂದ್ರ ಮಾಡಿತು. 1986ರ ಜುಲೈನಲ್ಲಿ ಮೊದಲನೆಯದನ್ನು ಹಾಕಿದ್ದು ಕಿತ್ತೂರಿನಲ್ಲಿ. ಹೊರದೇಶದ ಕೇಂದ್ರಗಳು ಎಸಿ ಕೋಣೆಯೊಳಗೆ ಕೂರುವಂಥವು. ಇದನ್ನು ಎಸಿ ಇಲ್ಲದೆ, ಧೂಳು ಸೆಕೆಯ ನಡುವೆ ಓಡುವಂತೆ ಕಟ್ಟಿದ್ದರು. ಟೆಲಿಫೋನ್ ವಿನಿಮಯ ಕೇಂದ್ರ ಅನ್ನುವುದು ಅಷ್ಟರಲ್ಲಿ ಪ್ರಪಂಚಕ್ಕೆ ಹಳೆಯ ಸಂಗತಿ, ಹಳ್ಳಿಯ ಸೆಕೆಯಲ್ಲಿ ನಿಲ್ಲುವ ಕೇಂದ್ರ ಹೊಸದು.

ಮೊಳಕಾಲ್ಮೂರಿನ ಗೆಳತಿ ತನ್ನ ಊರನ್ನು ಬಿಟ್ಟರೆ ಬಿಡುವುದಿಲ್ಲ ಅಂದಿದ್ದಾಳೆ. ರೇಷ್ಮೆ ಸೀರೆಯ ಬಗ್ಗೆ ಅಲ್ಲ. ಅವಳ ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಅಂತ ಹತ್ತಿರಹತ್ತಿರ ಮೂರು ಜಾಗ ಇವೆ. ಮೂರರಲ್ಲೂ ಬಂಡೆಯ ಮೇಲೆ ಅಶೋಕನ ಶಾಸನ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಒಂದೇ ಸಂದೇಶ, ಮೂರು ಕಡೆ ಕೆತ್ತಿದ್ದಾರೆ. ಜಟಿಂಗ ರಾಮೇಶ್ವರದ್ದು ಬಹಳ ಸವೆದಿದೆ. ಆದರೂ ಅಲ್ಲಿ ಏನಿತ್ತು ಅಂತ ಗೊತ್ತಾಗುವುದು ಉಳಿದೆರಡು ಪ್ರತಿಗಳಿಂದ. ನಮ್ಮ 112 ಬಿಟ್‌ಗೆ ಇನ್ನು 112 ಬಿಟ್ ಯಾಕೆ ಅಂತ ಅವಳು ಜೂನಿಯರ್‌ಗಳಿಗೆ ಹೇಳಿಕೊಡುವುದು ಈ ಬಂಡೆಗಳನ್ನೇ ತೋರಿಸಿ. ಕೆತ್ತಿದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರು ಬರೆದು, ಲಿಪಿಕಾರ ಅನ್ನುವ ಪದವನ್ನು ಮಾತ್ರ ಇಲ್ಲಿ ಯಾರಿಗೂ ಓದಲು ಬಾರದ ಖರೋಷ್ಠಿಯಲ್ಲಿ ಬರೆದ. ಕಾಮೆಂಟ್ ಬರೆಯುವವರು ಆಗಲೂ ಹಾಗೇ ಇದ್ದರು ಅನ್ನುವುದು ಅವಳ ಅಭಿಪ್ರಾಯ.

ಈಗ ಟೈಟಲ್ಲಿನ ವಿಷಯ, ಕನ್ನಡ ಸಂಘದ ಪತ್ರಿಕೆಯಲ್ಲೇ ಇದನ್ನು ಬರೆಯಲು ಕಾರಣವಾದದ್ದು.

ಕೋಡೆಕ್2ರ ಜೊತೆ ಬರುವ ಟೆಸ್ಟ್ ದನಿಗಳಲ್ಲಿ ನಾವು ಕೇಳಿದವೆಲ್ಲ ಇಂಗ್ಲಿಷ್. ಮೋಡೆಮ್ ಎಷ್ಟೇ ಸರಿಯಿರಲಿ, ಕೊನೆಗೆ ಕಿವಿಗೆ ಬೀಳುವುದು ಮಾತು. ಆ ಮಾತು ನಮ್ಮದಾದರೆ ಹೇಗೆ ಅಂತ ನೋಡಲು ಚಳ್ಳಕೆರೆಯ ಗೆಳೆಯ ಊರಿಗೆ ಹೋದಾಗ ಅಜ್ಜನ ಮಾತು ರೆಕಾರ್ಡ್ ಮಾಡಿಕೊಂಡು ಬಂದ. ಶೇಂಗಾ ಬಗ್ಗೆ ಮಾತು. ‘ಈ ಸಲ ಬೆಲೆ ಐತೆ ಕಣಪ್ಪಾ, ಬೆಳೆನೇ ಇಲ್ಲ’ ಅಂದಿದ್ದರು. 700ರಲ್ಲಿ ಹಾಕಿ ತೆಗೆದು ಹಾಸ್ಟೆಲಿನಲ್ಲಿ ಕೇಳಿಸಿದೆವು. ಒಬ್ಬ ಬೆಳೆ ಐತೆ ಬೆಲೆ ಇಲ್ಲ ಅಂದ. ಇನ್ನೊಬ್ಬ ಎರಡೂ ಬೆಲೆ ಅಂದ. ಮೂರನೆಯವನು ಸರಿಯಾಗಿ ಹೇಳಿದ, ಹೇಗಪ್ಪಾ ಅಂತ ಕೇಳಿದರೆ, ಪ್ರತಿ ವರ್ಷ ಅದೇ ಅಲ್ಲವಾ ಅಂದ. ಅವನು ಕೇಳಿಸಿಕೊಂಡು ಹೇಳಿದ್ದಲ್ಲ, ಊಹಿಸಿದ್ದು.

ಮೋಡೆಮ್‌ನಲ್ಲಿ ಒಂದು ಬಿಟ್ಟೂ ತಪ್ಪಿರಲಿಲ್ಲ. ನಮ್ಮ ಟೆಸ್ಟ್ ಎಲ್ಲ ಹಸಿರು. ಅಜ್ಜನ ಮಾತು ಮಾತ್ರ ಉಲ್ಟಾ ಆಗಿತ್ತು.

ಲ ಮತ್ತು ಳ ನಡುವಿನ ಅಂತರ ಸ್ಪೆಕ್ಟ್ರಮ್ಮಿನಲ್ಲಿ ಸೂಕ್ಷ್ಮ. ನಾಲಿಗೆ ಹಿಂದಕ್ಕೆ ಮಡಿಸಿದಾಗ ಮೂರನೇ ಫಾರ್ಮಂಟ್ ಕೆಳಗಿಳಿಯುತ್ತದೆ. ಸ್ಪೆಕ್ಟ್ರಮ್ಮಿನ ಇಡೀ ಆಕಾರಕ್ಕೆ ಇರುವುದು ತಲಾ 512 ಆಕಾರಗಳ ಎರಡು ಪಟ್ಟಿ. ಪ್ರತಿ 40 ಮಿಲಿಸೆಕೆಂಡಿಗೆ ಒಂದೊಂದು ಪಟ್ಟಿಯಿಂದ ಒಂದೊಂದನ್ನು ಆರಿಸಬೇಕು. ಆ ಪಟ್ಟಿಯಲ್ಲಿ ಅಜ್ಜನ ಳಕಾರಕ್ಕೆ ಹತ್ತಿರದ್ದು ಇಲ್ಲದಿದ್ದರೆ ಪಕ್ಕದ ಮನೆಯ ಲಕಾರವನ್ನು ಕಳಿಸುತ್ತದೆ. ಕತೆ, ಕತ್ತೆ ಅನ್ನುವ ಜೋಡಿಯಲ್ಲಿ ವ್ಯತ್ಯಾಸ ಇರುವುದು ತುಟಿ ನಾಲಿಗೆಯಲ್ಲಲ್ಲ, ಹೊತ್ತಿನಲ್ಲಿ. ಎಷ್ಟು ಹೊತ್ತು ತಡೆದು ಬಿಟ್ಟೆವು ಅನ್ನುವುದರಲ್ಲಿ. 40 ಮಿಲಿಸೆಕೆಂಡಿಗೊಮ್ಮೆ ಕಣ್ಣು ಬಿಡುವವನಿಗೆ ಅದು ಎಷ್ಟು ಸ್ಪಷ್ಟವಾಗಿ ಕಂಡೀತು? ಕಲ್ಲು ಕಳ್ಳು, ಹುಲಿ ಹುಳಿ, ಮನೆ ಮಣೆ. ನೆರೆ ಬಂದ ಊರಿನಿಂದ ಯಾರೋ ಹಳ್ಳ ತುಂಬಿದೆ ಅಂದರೆ ಈ ಕಡೆ ಏನು ಕೇಳಬೇಕು?

ಇಂಗ್ಲಿಷಿಗೆ ಇದನ್ನು ಅಳೆಯುವ ಸಿದ್ಧ ಪರೀಕ್ಷೆಗಳಿವೆ. ಅದರಲ್ಲೊಂದು ಡಯಾಗ್ನೋಸ್ಟಿಕ್ ರೈಮ್ ಟೆಸ್ಟ್, ಮೊದಲ ವ್ಯಂಜನ ಮಾತ್ರ ಬೇರೆ ಇರುವ ಜೋಡಿ ಪದಗಳನ್ನು ಕೇಳಿಸಿ ಯಾವುದು ಅಂತ ಗುರುತು ಹಾಕಿಸುವುದು. ಅದನ್ನೇ ಕನ್ನಡಕ್ಕೆ ಇಳಿಸೋಣ ಅಂತ ಕೂತೆವು. ಕೂತ ಅರ್ಧ ಗಂಟೆಗೆ ಹೊಳೆಯಿತು, ಕನ್ನಡದಲ್ಲಿ ಳಕಾರದಿಂದ, ಣಕಾರದಿಂದ ಪದ ಶುರುವಾಗುವುದೇ ಇಲ್ಲ! ಒತ್ತಕ್ಷರದ ದ್ವಿತ್ವವೂ ಪದದ ನಡುವೆಯೇ. ಮೊದಲ ಅಕ್ಷರವನ್ನೇ ಪರೀಕ್ಷಿಸುವ ಟೆಸ್ಟಿಗೆ ನಮ್ಮ ಭಾಷೆಯ ಕಷ್ಟದ ಜಾಗಗಳು ಕಣ್ಣಿಗೇ ಬೀಳುವುದಿಲ್ಲ. ಪಾಸಾಗುತ್ತದೆ, ಅಜ್ಜನ ಬೆಳೆ ಹಾಗೇ ಬೆಲೆಯಾಗಿರುತ್ತದೆ. ಪದದ ನಡುವೆ ಬೇರೆಯಾಗುವ ಜೋಡಿಗಳ ಪಟ್ಟಿಯನ್ನು ಕನ್ನಡ ಬಲ್ಲವರೇ ಮಾಡಬೇಕು. ಇಸಿ ವಿಭಾಗದಿಂದ ಅದು ಆಗುವುದಿಲ್ಲ, ಕನ್ನಡ ಸಂಘದವರು ಬೇಕು. ಇಷ್ಟು ವರ್ಷ ಸಂಘ ಅಂದರೆ ರಾಜ್ಯೋತ್ಸವಕ್ಕೆ ಬಾವುಟ, ಒಂದು ಆರ್ಕೆಸ್ಟ್ರಾ ಅಂತಿದ್ದವರಿಗೆ ಇದು ಬೇರೆ ಥರದ ಕನ್ನಡದ ಕೆಲಸ.

ಪ್ಯಾನೆಲ್ ಕಡೆಯ ಮಾತಿನಲ್ಲೂ ಹುರುಳಿದೆ, ಒಪ್ಪುತ್ತೇವೆ. ಟೆಸ್ಟಿಂಗ್ ಅನ್ನುವ ಹೆಸರಿನಲ್ಲಿ ನಾಲ್ಕು ಸ್ಕ್ರೀನ್‌ಶಾಟ್ ಅಂಟಿಸಿ ಮುಗಿಸಿದ ಬ್ಯಾಚ್‌ಗಳು ನಮ್ಮ ಮುಂದೆಯೇ ಹೋಗಿವೆ. ಅದಕ್ಕೆ ಪರಿಹಾರ ಟೆಸ್ಟಿಂಗನ್ನು ಬೇಡ ಅನ್ನುವುದಲ್ಲ, ಕಷ್ಟದ್ದನ್ನು ಕೇಳುವುದು. ಏನನ್ನು ಗುರು ಅಂತ ಇಟ್ಟುಕೊಂಡಿರಿ, ಎಷ್ಟು ವ್ಯತ್ಯಾಸ ಒಪ್ಪಿದಿರಿ, ಯಾಕೆ ಅಷ್ಟೇ, ಅತಿ ಕೆಟ್ಟ ಹೊತ್ತು ಯಾವುದು, ಅದನ್ನು ಅಳೆದಿರಾ ಅಂತ ಕೇಳಿ. ನಾವೇ ಬೇಕಂತ ಒಂದು ತಪ್ಪು ತುರುಕುತ್ತೇವೆ, ನಿಮ್ಮ ಟೆಸ್ಟ್ ಅದನ್ನು ಹಿಡಿಯುತ್ತಾ ನೋಡೋಣ ಅನ್ನಿ. ಆ ಉದ್ದದ ಸಾಲು ಕಿತ್ತು ಹಾಕಿ ಕೊಡಿ, ಹತ್ತು ಸೆಕೆಂಡಿನ ಟೆಸ್ಟ್ ಇಟ್ಟುಕೊಂಡವರು ಅಲ್ಲೇ ಸಿಕ್ಕಿಬೀಳುತ್ತಾರೆ. ಯೂಟ್ಯೂಬ್ ನೋಡಿ ಕಟ್ಟಿದ ಫೇಸ್ ರೆಕಗ್ನಿಷನ್ ಅಟೆಂಡೆನ್ಸಿಗೆ ಇಂಥ ಪ್ರಶ್ನೆ ಯಾರಾದರೂ ಕೇಳಿದ್ದಾರಾ? ನಾವಂತೂ ನೋಡಿಲ್ಲ.

ಎಐ ಇಲ್ಲದೆ ಟೈಟಲ್ ಪಾಸಾಗಲ್ಲ ಅನ್ನುವವರಿಗೆ ಒಂದು ಮಾತು. ಫ್ರೀಡಿವಿಯವರೇ ಈಗ ರೇಡ್ ಎಂಬ ನ್ಯೂರಲ್ ನೆಟ್‌ವರ್ಕಿನ ಬಗೆ ತಂದಿದ್ದಾರೆ, ದನಿ ಚೆನ್ನಾಗಿದೆ. ಈ ಚಿಕ್ಕ ಬೋರ್ಡಿಗೆ ಅದು ದೊಡ್ಡದು. ಮತ್ತು ಅದಕ್ಕೂ ಬೆಲೆ, ಬೆಳೆ ಕೇಳಿಸಿ ನೋಡಲೇಬೇಕು. ದನಿ ಸಲೀಸಾದಷ್ಟೂ ತಪ್ಪು ಕೇಳಿಸಿದ್ದು ಗೊತ್ತಾಗುವುದಿಲ್ಲ, ಅದು ಇನ್ನೂ ಅಪಾಯ.

ಹ್ಯಾಮ್ ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವ ಹಾಗಿಲ್ಲ, ನಾವು ಮಾಡಿಲ್ಲ. ಈ ತನಕ ಆದದ್ದೆಲ್ಲ ಎರಡು ಬೋರ್ಡುಗಳ ನಡುವೆ ಒಂದು ಆಡಿಯೋ ತಂತಿ, ಗದ್ದಲ ಸಾಫ್ಟ್‌ವೇರಿನಿಂದ. ಇಬ್ಬರು ಪರೀಕ್ಷೆಗೆ ಓದುತ್ತಿದ್ದೇವೆ. ಪ್ಯಾನೆಲ್ ಮುಂದೆ ಮತ್ತೆ ಹೋಗುವುದು ಮುಂದಿನ ವಾರ, ಅದೇ ಟೈಟಲ್ ತಗೊಂಡು.

ಅಷ್ಟರಲ್ಲಿ ಜೋಡಿ ಪದಗಳ ಪಟ್ಟಿಗೆ ದನಿ ಬೇಕು. ಚಿತ್ರದುರ್ಗದ ಕಡೆಯವರದ್ದು, ಮನೆಯಲ್ಲಿ ತೆಲುಗು ಮಾತಾಡಿ ಬೀದಿಯಲ್ಲಿ ಕನ್ನಡ ಮಾತಾಡುವವರದ್ದು, ಬೀದರ್, ಕುಂದಾಪುರ, ಚಾಮರಾಜನಗರದವರದ್ದು. ಅಜ್ಜ ಅಜ್ಜಿಯರ ದನಿ ಸಿಕ್ಕರೆ ಇನ್ನೂ ಒಳ್ಳೆಯದು, ಅವರನ್ನು ಕೇಳಿಯೇ ರೆಕಾರ್ಡ್ ಮಾಡಿ. ಫೋನಿನಲ್ಲಿ ಆದರೂ ಸರಿ, ಫ್ಯಾನ್ ಆಫ್ ಮಾಡಿ. ಸಂಜೆ ಐದರ ಮೇಲೆ ಇಸಿ ವಿಭಾಗದ ಲ್ಯಾಬ್‌ನಲ್ಲಿ ಇರುತ್ತೇವೆ, ಹಿಂದಿನ ಬಾಗಿಲಿಂದ ಬನ್ನಿ, ಮುಂದಿನದಕ್ಕೆ ಐದಕ್ಕೇ ಬೀಗ ಬೀಳುತ್ತದೆ.